ಅಳುವ ಹಾಡಿಗೆ ಕುಣಿಸಿದ್ದು

ಇವತ್ತು ಭಾನುವಾರ. ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಸಣ್ಣದೊಂದು ರಂಗೋಲಿ ಹಾಕಿದೆ. ಹಾಲು ಕಾಯಿಸಿದೆ. ಅತ್ತೆಯ ಸ್ನಾನಕ್ಕೆ ನೀರು ತೋಡಿ, ಅವರ ಪೂಜೆಗೆ ವಿಭೂತಿಗಟ್ಟಿ, ಪತ್ರೆ ಎಲ್ಲ ಕೈಗೆ ಸಿಗುವಂತೆ ಇಟ್ಟೆ. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದೆ. ಮನೆಯವರು ಎರಡನೇ ಸಲ ಹಾಕಿಸಿಕೊಂಡರು. ವಾರದ ಬಟ್ಟೆ ಒಗೆದು ಹರವಿದೆ. ಸೋರುತ್ತಿದ್ದ ನಲ್ಲಿಗೆ ಬಟ್ಟೆಚೂರು ಸುತ್ತಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಅವರೆಕಾಯಿ ಸುಲಿದೆ. ಇಷ್ಟೆಲ್ಲ ಆಗುವಾಗ ಹನ್ನೊಂದು ಗಂಟೆ. ಆಮೇಲೆ ಶಾಲೆಯಿಂದ ತಂದಿದ್ದ ಹೊಲಿಗೆ ಹಿಡಿದು ಕೂತೆ.

ನಾನೀಗ ಹೊನ್ನಾಳಿಯ ಒಂದು ಶಾಲೆಗೆ ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಮುಂದಿನ ವಾರ ವಾರ್ಷಿಕೋತ್ಸವ. ಈ ಸಲ ನಾಡಿನ ಬೇರೆ ಬೇರೆ ಜನರ ಉಡುಗೆ, ಹಾಡು, ಕುಣಿತ ತೋರಿಸಬೇಕೆಂದು ತೀರ್ಮಾನವಾಗಿದೆ. ಹೊಸದಾಗಿ ಬಂದ ಚುರುಕಾದ ಹುಡುಗಿಯೊಬ್ಬಳು ನಮ್ಮಲ್ಲಿ ಟೀಚರು. ಎಲ್ಲ ಓಡಾಟ ಅವಳದೇ. ದಾವಣಗೆರೆಯಿಂದ ರೆಡಿಮೇಡ್ ಲಂಬಾಣಿ ಉಡುಪು ತರಿಸಿದ್ದಾಳೆ. ಪ್ಲಾಸ್ಟಿಕ್ ಕನ್ನಡಿಗಳನ್ನು ಗೋಂದಿನಿಂದ ಅಂಟಿಸಿದ್ದು, ಮುಟ್ಟಿದರೆ ಉದುರುತ್ತವೆ. "ಮೇಡಂ, ನಿಮ್ಮ ಕೈ ಹೊಲಿಗೆ ಚಲೋ ಐತೆ, ಇದನ್ನ ಸ್ವಲ್ಪ ನೋಡ್ರಿ" ಎಂದು ಶನಿವಾರ ಚೀಲ ಕೊಟ್ಟಳು. ಹೋಗುವಾಗ ತಿರುಗಿ, "ಹಂಗೇ ಒಂದು ಹಾಡೂ ಹೇಳ್ರಿ. ನೀವು ಹಿಂದೆ ಲಂಬಾಣಿ ಡ್ಯಾನ್ಸ್ ಮಾಡ್ಸಿ ಶೀಲ್ಡ್ ತಗಂಡಿದ್ರಂತೆ!" ಎಂದಳು. ನಾನು ನಗೆಯಾಡಿ ಬಸ್ಸಿಗೆ ಹೊತ್ತಾಯಿತೆಂದು ಬಂದುಬಿಟ್ಟೆ.

ಕೆಂಪು ದಾರ ಬೇಕಿತ್ತು. ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಸೂಜಿ, ಗುಂಡಿ, ಹುಕ್ಕು ಎಲ್ಲ ಹಾಕಿಡುತ್ತೇನೆ. ದಾರದುಂಡೆ ಹುಡುಕುತ್ತ ತಳಕ್ಕೆ ಕೈಹಾಕಿದಾಗ ತಣ್ಣಗಿನದೇನೋ ತಾಗಿತು. ಒಂದು ಕವಡೆ. ಬೆನ್ನಿಗೆ ತೂತು, ತೂತಿನಲ್ಲಿ ಇನ್ನೂ ಸಿಕ್ಕಿಕೊಂಡಿರುವ ಕಂದು ನೂಲಿನ ಎಳೆ. ಅದು ಅಲ್ಲಿದೆ ಎಂಬುದು ನನಗೆ ಗೊತ್ತೇ ಇತ್ತು. ಇಷ್ಟು ವರ್ಷವೂ ಗೊತ್ತಿತ್ತು... ಅದಕ್ಕೇ ಆ ಡಬ್ಬಿಯ ತಳದವರೆಗೆ ಕೈ ಹಾಕುತ್ತಿರಲಿಲ್ಲ.

"ಏನದು?" ಎಂದರು ಮನೆಯವರು, ಪೇಪರಿನಿಂದ ತಲೆ ಎತ್ತದೆ.

"ಏನಿಲ್ಲ, ಗುಂಡಿ" ಎಂದೆ.

ಅದು ಯಾಡಿಯ ಲಂಗದ ಅಂಚಿನದು.

ನ್ಯಾಮತಿ ಆಗಿನ್ನೂ ತಾಲೂಕು ಆಗಿರಲಿಲ್ಲ. ಅಲ್ಲಿಂದ ಅರ್ಧ ಗಂಟೆ ಬಸ್ಸಿನ ದಾರಿಯ ಹಳ್ಳಿಯೊಂದರ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ರಸ್ತೆಯ ಈ ಕಡೆ ಊರು, ಆ ಕಡೆ ಮೆಕ್ಕೆಜೋಳದ ಹೊಲ ದಾಟಿದರೆ ಲಂಬಾಣಿ ತಾಂಡಾ. ಮಕ್ಕಳು ಎರಡೂ ಕಡೆಯಿಂದ ಬರುತ್ತಿದ್ದರು. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅಡುಗೆಗೆ ಬಂದಾಕೆ ತಾಂಡಾದವಳು. ತಾಂಡಾದ ಮಕ್ಕಳು ಅವಳನ್ನು ಯಾಡಿ ಎನ್ನುತ್ತಿದ್ದರು, ಊರ ಮಕ್ಕಳೂ ಅದನ್ನೇ ಕಲಿತವು, ಆಮೇಲೆ ನಾವು ಟೀಚರುಗಳೂ. ಅದು ಅವಳ ಹೆಸರೆಂದೇ ನಾನು ತಿಳಿದಿದ್ದೆ. ಯಾಡಿ ಎಂದರೆ ಅವರ ಮಾತಿನಲ್ಲಿ ಅವ್ವ ಎಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಅಷ್ಟು ದಿನ ನಾನು, ಅವಳಿಗಿಂತ ಹತ್ತು ವರ್ಷವಾದರೂ ಚಿಕ್ಕವಳು, "ಏ ಅವ್ವ, ಪಾತ್ರೆ ಇನ್ನೂ ತೊಳ್ದಿಲ್ಲೇನೆ?" ಎಂದು ಗದರಿಸುತ್ತಿದ್ದೆನಲ್ಲ ಎಂದು ನಗು ಬಂತು. ಆಗ ನಗುವಷ್ಟೇ ಬಂದದ್ದು.

ಬಂದ ಮೊದಲ ದಿನ ಅವಳು ತನ್ನ ಉಡುಗೆಯಲ್ಲೇ ಬಂದಿದ್ದಳು. ಅಂಚಿಗೆ ಕವಡೆ ಹೊಲಿದ ಕೆಂಪು ಲಂಗ, ಕನ್ನಡಿ ಕೂರಿಸಿದ ಕುಪ್ಪಸ, ತಲೆಯ ಮೇಲೆ ಕವಡೆ ಅಂಚಿನ ಮೇಲ್ಹೊದಿಕೆ. ನಡೆದರೆ ಕವಡೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವಳು ಎಲ್ಲಿದ್ದಾಳೆಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಒಂದು ವಾರ ನೋಡಿದೆ. ಎಂಟನೆಯ ದಿನ ಅಡುಗೆಮನೆಗೆ ಹೋಗಿ, "ಈ ಕನ್ನಡಿ ಚೂರು ಸಾರಿಗೆ ಬಿದ್ದು ಮಕ್ಕಳ ಹೊಟ್ಟೆಗೆ ಹೋದ್ರೆ ಯಾರು ಜವಾಬ್ದಾರಿ? ನಾಳೆಯಿಂದ ಸೀರೆ ಉಟ್ಟು ಬಾ" ಎಂದೆ. ಒಂದು ಕನ್ನಡಿಯೂ ಎಲ್ಲಿಯೂ ಬಿದ್ದಿರಲಿಲ್ಲ. ನನಗೆ ಆ ಸದ್ದು ಒಗ್ಗಿರಲಿಲ್ಲ, ಅಷ್ಟೆ.

ಮಾರನೆಯ ದಿನ ಯಾರದೋ ಹಳೆಯ ವಾಯಿಲ್ ಸೀರೆ ಉಟ್ಟು ಬಂದಳು. ನೆರಿಗೆ ಕಾಲಿಗೆ ಸಿಕ್ಕಿಸಿಕೊಂಡು ಬಾವಿಕಟ್ಟೆಯ ಹತ್ತಿರ ಮುಗ್ಗರಿಸಿದಳು. "ಈಗ ನೋಡು, ಎಷ್ಟು ಲಕ್ಷಣ ಆಗಿ ಕಾಣ್ತೀಯ" ಎಂದು ನಾನೇ ಹೊಗಳಿದೆ.

ಅವಳು ಮಾತಿಗೆ ಸೋಲುವವಳಲ್ಲ. ಮಕ್ಕಳ ಊಟ ಮುಗಿದ ಮೇಲೆ ತನಗಾಗಿ ಎರಡು ಜೋಳದ ರೊಟ್ಟಿ ತಟ್ಟಿಕೊಳ್ಳುತ್ತಿದ್ದಳು. ಬಿಸಿಯಾಗಿರುವಾಗಲೇ ಒಂದನ್ನು ತಟ್ಟೆಯಲ್ಲಿಟ್ಟು, ಮೇಲೆ ಕುಟ್ಟಿದ ಹಸಿಮೆಣಸಿನ ಚಟ್ನಿ ಹಾಕಿ ಸ್ಟಾಫ್ ರೂಮಿನ ಬಾಗಿಲಿಗೆ ತರುತ್ತಿದ್ದಳು. ನಾನು ಮನೆಯಿಂದ ಡಬ್ಬಿ ತರುತ್ತಿದ್ದೆ. "ಇವತ್ತು ನಂದು ಸೋಮವಾರ ಯಾಡಿ, ಒಪ್ಪೊತ್ತು" ಎನ್ನುತ್ತಿದ್ದೆ. ಬುಧವಾರ ತಂದರೆ ಇನ್ನೊಂದು ನೆಪ. ಒಂದು ದಿನ ಗುರುವಾರವೋ ಏನೋ, ಮರೆತು ಮತ್ತೆ ಸೋಮವಾರದ ಮಾತನ್ನೇ ಹೇಳಿಬಿಟ್ಟೆ. ಅವಳು ತಟ್ಟೆ ಹಿಡಿದು ನಿಂತು, "ಮೇಡಮ್ಮೋರೆ, ನಿಮ್ಮ ದೇವ್ರಿಗೆ ವಾರದಾಗೆ ಎಷ್ಟು ಸೋಮವಾರ್ರಿ?" ಎಂದಳು. ಹೆಡ್‌ಮೇಷ್ಟ್ರು ಚಹಾ ನೆತ್ತಿಗೆ ಹತ್ತುವಷ್ಟು ನಕ್ಕರು. ನಾನೂ ನಕ್ಕೆ. ರೊಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಮಾರನೆಯ ದಿನವೂ ಅವಳು ತಂದಳು.

ಅವಳಿಗೊಬ್ಬಳೇ ಮಗಳು. ಯಾಡಿ ಕೆಲಸಕ್ಕೆ ಬರುವ ಮೊದಲೇ ಆ ಹುಡುಗಿ ನನ್ನ ಕೈಕೆಳಗೆ ನಾಲ್ಕನೇ ತರಗತಿ ಓದಿ ಹೋಗಿತ್ತು. ಒಳ್ಳೆಯ ಬುದ್ಧಿ. ಆದರೆ ಪಕ್ಕದವಳ ಜೊತೆ ತಾಂಡಾ ಮಾತು. ನನ್ನ ಕ್ಲಾಸಿನಲ್ಲಿ ಒಂದು ಕಾನೂನಿತ್ತು: ಆ ಮಾತು ಕೇಳಿಸಿದರೆ ಬಾಗಿಲ ಹತ್ತಿರ ಕಿವಿ ಹಿಡಿದು ನಿಲ್ಲಬೇಕು. ಕನ್ನಡ ಬರಲಿ, ಮುಂದೆ ಬರಲಿ ಎಂದೇ ಮಾಡಿದೆ. ಹಾಗೆಂದು ಈಗಲೂ ಹೇಳಿಕೊಳ್ಳುತ್ತೇನೆ... ಆ ಹುಡುಗಿ ಆ ವರ್ಷ ಎಷ್ಟು ಸಲ ಬಾಗಿಲಲ್ಲಿ ನಿಂತಿತೋ. ವರ್ಷದ ಕೊನೆಗೆ ಅಚ್ಚುಕಟ್ಟಾದ ಕನ್ನಡ ಮಾತಾಡುತ್ತಿತ್ತು. ಮನೆಯಲ್ಲೂ ಕನ್ನಡವೇ ಅಂತೆ, ಅವ್ವ ಅವರ ಮಾತಿನಲ್ಲಿ ಕೇಳಿದರೆ ಇದು ಕನ್ನಡದಲ್ಲಿ ಉತ್ತರ ಕೊಡುತ್ತಂತೆ. ನಾನು ಅದನ್ನು ನನ್ನ ಗೆಲುವೆಂದು ಲೆಕ್ಕ ಹಾಕಿದ್ದೆ.

ನಾನು ಹೇಳಹೊರಟಿರುವುದು ನಡೆದ ವರ್ಷ ಆ ಹುಡುಗಿ ಪಿಯುಸಿ ಮುಗಿಸಿ ಮನೆಯಲ್ಲಿತ್ತು. ಜಗಳೂರು ಕಡೆ, ಸೊಕ್ಕೆ ಹತ್ತಿರದ ತಾಂಡಾದಲ್ಲಿ ಗಂಡು ಗೊತ್ತಾಗಿತ್ತು. ಮದುವೆ ಬೇಸಿಗೆಗೆ. ಅದೇ ಚಳಿಗಾಲದಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವ. "ಈ ಸಲ ಬರೀ ಸಿನಿಮಾ ಹಾಡು ಬ್ಯಾಡ್ರಿ. ನಮ್ಮ ಸುತ್ತಮುತ್ತ ಇರೋ ಜನರ ಸಂಸ್ಕೃತಿ ತೋರಿಸೋಣ" ಎಂದು ಹೆಡ್‌ಮೇಷ್ಟ್ರು ಹೇಳಿದರು. ಒಬ್ಬರು ಕೋಲಾಟ ವಹಿಸಿಕೊಂಡರು. ನನ್ನ ತವರು ಚನ್ನಗಿರಿ ಕಡೆ, ಸೂಳೆಕೆರೆಯ ಹಿಂದಿನ ಊರು; ಬಲೆ ಬೀಸುವವರ ನೃತ್ಯ ನಿಮಗೇ ಇರಲಿ ಎಂದರು. ನಾನು ಬೇಡವೆಂದೆ. ಲಂಬಾಣಿ ನೃತ್ಯ ನಾನು ಮಾಡಿಸುತ್ತೇನೆ ಎಂದೆ. ಬಣ್ಣ ಇರುತ್ತದೆ, ಬಂದ ಅತಿಥಿಗಳ ಕಣ್ಣಿಗೆ ಬೀಳುತ್ತದೆ.

ಹಾಡು ಬೇಕಿತ್ತು. ಅದು ತಾನಾಗಿ ಸಿಕ್ಕಿತು. ಒಂದು ಮಧ್ಯಾಹ್ನ ಅಕ್ಕಿ ಇಡುವ ಕೋಣೆಯ ಹತ್ತಿರ ಹೋದಾಗ ಒಳಗಿನಿಂದ ಯಾಡಿಯ ದನಿ. ಮೊರದಲ್ಲಿ ಅಕ್ಕಿ ಆರಿಸುತ್ತ, ಕಣ್ಣು ಅರ್ಧ ಮುಚ್ಚಿ ಹಾಡುತ್ತಿದ್ದಳು. ಉದ್ದಕ್ಕೆ ಎಳೆದು, ಎಳೆದ ತುದಿಯಲ್ಲಿ ಒಂಚೂರು ನಡುಗಿಸಿ, ಮತ್ತೆ ಮೇಲೆತ್ತುವ ಧಾಟಿ. ಎದುರಿಗೆ ಮಗಳು ಗೋಡೆಗೆ ಒರಗಿ, ಮುಖ ಆ ಕಡೆ ತಿರುಗಿಸಿ ಕೂತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ನಾಲ್ಕು ಸಾಲು ಹಾಜರಿ ಪುಸ್ತಕದ ಹಿಂದೆ ಬರೆದುಕೊಂಡೆ. ಅರ್ಥ ಕೇಳಲಿಲ್ಲ. ಮೂರು ದಿನ ಹಾಗೇ ಹೋಗಿ ನಿಂತು ಹಾಡು ಪೂರ್ತಿ ಮಾಡಿಕೊಂಡೆ.

ನಾಲ್ಕನೆಯ ದಿನ ಉಡುಗೆ ಕೇಳಿದೆ. ಸೀರೆ ಉಡಲು ಹಿಡಿದ ಮೇಲೆ ಅವಳು ಅದನ್ನು ಟ್ರಂಕಿನಲ್ಲಿಟ್ಟಿದ್ದಳು. ಅವಳ ಅವ್ವ ಎರಡು ವರ್ಷ ಕೂತು ಹೊಲಿದು, ಮದುವೆಯಲ್ಲಿ ಕೊಟ್ಟದ್ದಂತೆ. ಕೊಡಲು ಹಿಂದೆ ಮುಂದೆ ನೋಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿದ್ದು ನೋಡಿ ನನಗೇ ಆಶ್ಚರ್ಯ.

"ತಗಳ್ರಿ ಮೇಡಮ್ಮೋರೆ, ಬೇಷಾಗಿ ತಗಳ್ರಿ. ನಮ್ ಹುಡ್ಗಿನೂ ನೋಡಾಕೆ ಬರ್ತಾಳೆ. ಮದ್ವೇಲಿ ಈ ಬಟ್ಟೆ ಉಡಲ್ಲ, ಹಾಡು ಹೇಳಲ್ಲ ಅಂತಾಳ್ರಿ ಅಕಿ. ಇಸ್ಕೂಲ್ನಾಗೆ ನಗ್ತಾರೆ ಅಂತ. ಇಸ್ಕೂಲು ಬಿಟ್ಟು ಎಷ್ಟು ವರ್ಸಾತು, ಇನ್ನೂ ನಗ್ತಾರೆ ಅಂತಾಳೆ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನೀವೇ ಸ್ಟೇಜಿನ ಮ್ಯಾಲೆ ಮಾಡ್ಸಿದ್ರೆ ಅಕಿ ಕಣ್ಣಿಗೆ ಕಾಣ್ತೈತೆ. ನಮ್ಮದಕ್ಕೂ ಮರ್ಯಾದಿ ಐತೆ ಅಂತ. ನೀವು ಹೇಳಿದ್ರೆ ಕೇಳ್ತಾಳ್ರಿ ಅಕಿ. ನಿಮ್ ಮಾತು ಅಂದ್ರೆ ಹಂಗೆ."

"ಮರ್ಯಾದೆಯಿಂದನೇ ಮಾಡಿಸ್ತೀನಿ ಬಿಡು" ಎಂದೆ.

ಎಂಟು ಹುಡುಗಿಯರನ್ನು ಆರಿಸಿದೆ. ಒಬ್ಬಳೂ ತಾಂಡಾದವಳಲ್ಲ. "ಅವು ಸ್ಟೇಜ್ ಅಂದ್ರೆ ನಾಚ್ಕೋತಾವೆ" ಎಂದು ಹೆಡ್‌ಮೇಷ್ಟ್ರಿಗೆ ಹೇಳಿದೆ. ನಡುವೆ ನಿಲ್ಲುವವಳು ಊರಿನ ಅಡಿಕೆ ವ್ಯಾಪಾರಿಯ ಮಗಳು, ಏಳನೇ ತರಗತಿ, ದುಂಡು ಮುಖದ ಚೆಲುವೆ. ಯಾಡಿಯ ಉಡುಗೆ ಅವಳಿಗೆ. ಉಳಿದ ಏಳು ಮಕ್ಕಳಿಗೆ ಕೆಂಪು ಲಂಗಕ್ಕೆ ಜರಿ ಅಂಟಿಸಿದೆ. ಉದ್ದವಾದ ಲಂಗವನ್ನು ಸೊಂಟದಲ್ಲಿ ಮಡಚಿ ಹೊಲಿಯುವಾಗ ಅಂಚು ಕುರ್ಚಿಯ ಮೊಳೆಗೆ ಸಿಕ್ಕಿಕೊಂಡಿತು. ಎಳೆದೆ. ಟಪ್ ಎಂದು ಏನೋ ಉದುರಿತು. ಅವಸರದಲ್ಲಿ ನೋಡಲಿಲ್ಲ.

ಪಕ್ಕದೂರಿನ ಹಾರ್ಮೋನಿಯಂ ಮೇಷ್ಟ್ರು ಹಾಡು ಕೇಳಿ, "ತುಂಬಾ ನಿಧಾನ ಐತಲ್ರಿ" ಎಂದರು. "ಜೋರು ಮಾಡ್ರಿ. ಚಪ್ಪಾಳೆ ಬರೋ ಹಂಗೆ ಇರ್ಲಿ" ಎಂದೆ. ಡೋಲಕ್ಕು, ಗೆಜ್ಜೆ, ನಡುನಡುವೆ ಹೋಯ್ ಹೋಯ್ ಎಂದು ಕೂಗು. ಪ್ರಾಕ್ಟೀಸು ನಡೆಯುವಾಗ ತಾಂಡಾದ ಮಕ್ಕಳು ಕಿಟಕಿಯಲ್ಲಿ ಗುಂಪಾಗಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅವರಲ್ಲೊಂದು ಪುಟ್ಟ ಹುಡುಗಿ, "ಮಿಸ್, ಇದೂ..." ಎಂದು ತಡೆಯಿತು. "ಏನು?" ಎಂದು ಗದರಿದೆ. ಏನಿಲ್ಲ ಮಿಸ್ ಎಂದು ಓಡಿತು. ತಮಗೆ ಸಿಗಲಿಲ್ಲವೆಂದು ಹೊಟ್ಟೆಕಿಚ್ಚು ಎಂದುಕೊಂಡೆ.

ಆ ಎರಡು ವಾರ ಯಾಡಿ ಮಗಳ ಮದುವೆಯ ಮಾತುಕತೆಗೆ ಮಧ್ಯಾಹ್ನದ ಕೆಲಸ ಮುಗಿಸಿ ಬೇಗ ಹೋಗುತ್ತಿದ್ದಳು. ನಮ್ಮ ಪ್ರಾಕ್ಟೀಸು ಅವಳ ಕಿವಿಗೆ ಬಿದ್ದದ್ದು ಕಾರ್ಯಕ್ರಮದ ಹಿಂದಿನ ದಿನ. ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತು ಒಂದು ಸುತ್ತು ಪೂರ್ತಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಮೇಡಮ್ಮೋರೆ, ಇದು ಕುಣಿಯೋ ಹಾಡಲ್ರಿ. ಅಳೋ ಹಾಡು. ಢಾವಲೋ ಅಂತೀವಿ. ಮದುಮಗಳು ತವರು ಬಿಟ್ಟು ಹೋಗಾಗ ಅವ್ವನ ಕುತ್ತಿಗಿ ಹಿಡ್ಕಂಡು ಹೇಳೋದು. ಕುಣಿಯೋ ಹಾಡು ನಮ್ಮಾಗೆ ಬೇಕಾದಷ್ಟು ಅದಾವೆ, ನಾನು ಹೇಳಿಕೊಡ್ತೀನಿ ಕುಂದ್ರಿ."

"ನಾಳೆ ಪ್ರೋಗ್ರಾಂ ಇಟ್ಕೊಂಡು ಈಗ ಬದಲಿಸಾಕೆ ಆಗ್ತೈತೇನೆ ಯಾಡಿ? ಮೊದ್ಲೇ ಹೇಳ್ಬಾರ್ದಾ?"

"ನೀವು ಕೇಳ್ಲಿಲ್ಲಲ್ರಿ."

ಎಂಟು ಮಕ್ಕಳ ಎದುರಿಗೆ ಅಡುಗೆಯವಳು ಹಾಗೆಂದದ್ದು ನನಗೆ ಚುಚ್ಚಿತು. "ಇರ್ಲಿ ಬಿಡು. ಇಲ್ಲಿ ಯಾರಿಗೆ ತಿಳೀತೈತೆ?" ಎಂದೆ.

ಅವಳು ನನ್ನನ್ನೇ ನೋಡಿದಳು. "ನಮಗೆ ತಿಳೀತೈತಲ್ರಿ" ಎಂದಳು.

ಆಮೇಲೆ ಇನ್ನೊಂದು ಮಾತು ಹೇಳಿದಳು. ಅದನ್ನು ನಾನು ಕೇಳಿಸಿಕೊಂಡೆ, ಒಳಗೆ ಬಿಟ್ಟುಕೊಳ್ಳಲಿಲ್ಲ. "ಈ ಹಾಡು ಹೇಳ್ದಾಗ ಹೆಣ್ಣುಮಕ್ಳು ಸುಮ್ನೆ ಕುಂದ್ರಬಾರ್ದು ಮೇಡಮ್ಮೋರೆ. ಎದ್ದು ಹೋಗಿ ತೆಕ್ಕಿಗೆ ತಗಾಬೇಕು, ಸಂಗಟ ಅಳಬೇಕು. ಯಾರೂ ಏಳ್ಲಿಲ್ಲಾಂದ್ರೆ ಹೇಳಿದಾಕಿಗೆ ಯಾರೂ ಇಲ್ಲ ಅಂತ. ತಬ್ಬಲಿ ಅಂತ. ಅದು ಚಲೋದಲ್ರಿ."

"ಹಂಗಾದ್ರೆ ನೀನು ನಾಳೆ ಅಡಿಗೆಮನೆ ಬಿಟ್ಟು ಹೊರಗೆ ಬರಬ್ಯಾಡ" ಎಂದು ನಕ್ಕು, ಮೇಷ್ಟ್ರಿಗೆ ಶುರುಮಾಡಿ ಎಂದು ಕೈ ಮಾಡಿದೆ.

ಕಾರ್ಯಕ್ರಮ ಸಂಜೆ ನಾಲ್ಕಕ್ಕೆ ಶುರುವಾಯಿತು. ಮುಂದೆ ಕುರ್ಚಿಗಳು, ಅತಿಥಿಗಳು. ನಡುವೆ ಊರ ಜನ. ಹಿಂದೆ ಧ್ವಜಕಟ್ಟೆಯ ಆಚೆ ತಾಂಡಾದ ಹೆಂಗಸರು, ನೆಲದ ಮೇಲೆ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಯಾಡಿಯ ಮಗಳು ಬೇವಿನ ಮರದ ಹತ್ತಿರ ಗೆಳತಿಯರ ಜೊತೆ ನಿಂತದ್ದು ನನಗೆ ಕಂಡಿತು, ನೀಲಿ ಚೂಡಿದಾರ. ನಾನು ಪರದೆಯ ಪಕ್ಕ ಮೈಕ್ ಹಿಡಿದು ನಿಂತಿದ್ದೆ. "ನಮ್ಮ ನೆಲದ ಹೆಮ್ಮೆಯ ಲಂಬಾಣಿ ಸಂಸ್ಕೃತಿ" ಎಂದು ಚೆಂದದ ಕನ್ನಡದಲ್ಲಿ ಪರಿಚಯಿಸಿದೆ. ಚಪ್ಪಾಳೆ ಬಿತ್ತು.

ಡೋಲಕ್ಕು ಶುರುವಾಯಿತು. ಮಕ್ಕಳು ಗಿರ್ರನೆ ತಿರುಗಿದರು. ಮೊದಲ ಸಾಲಿಗೇ ಮುಂದಿನವರು ತಾಳ ಹಾಕಿದರು. ಹಿಂದೆ ಮಾತ್ರ... ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಹೆಂಗಸರು ಸುಮ್ಮನಾಗಿದ್ದರು. ಒಬ್ಬ ಮುದುಕಿ ಎದ್ದು ನಿಂತು, ಮತ್ತೆ ಕೂತಳು. ಇನ್ನೊಬ್ಬಳು ಸೆರಗು ಮುಖದ ಮೇಲೆ ಎಳೆದುಕೊಂಡಳು. ಎರಡನೆಯ ಚರಣಕ್ಕೆ ಬರುವಾಗ ಯಾಡಿ ಅಡುಗೆಮನೆಯ ಬಾಗಿಲಿಂದ ಹೊರಟದ್ದು ಕಂಡಿತು. ಓಡಲಿಲ್ಲ. ಕೆಲಸಕ್ಕೆ ಹೊರಟವಳ ಹಾಗೆ ನಡೆದು, ಕುರ್ಚಿಗಳ ಪಕ್ಕದಿಂದ ಬಂದು, ವೇದಿಕೆ ಹತ್ತಿದಳು. ತನ್ನ ಲಂಗ ಉಟ್ಟು ಕುಣಿಯುತ್ತಿದ್ದ ಆ ವ್ಯಾಪಾರಿಯ ಮಗಳನ್ನು ಎರಡೂ ಕೈಯಿಂದ ಬಳಸಿ, ತಲೆಯನ್ನು ಹೆಗಲಿಗೆ ಒತ್ತಿಕೊಂಡು, ಅದೇ ಹಾಡನ್ನು ಅದರ ನಿಜವಾದ ನಿಧಾನದಲ್ಲಿ ಎತ್ತಿದಳು.

ಡೋಲಕ್ಕು ತಪ್ಪಿತು, ನಿಂತಿತು. ಅವಳ ದನಿಯೊಂದೇ ಉಳಿಯಿತು. ನಾಲ್ಕು ಉಸಿರಿನಷ್ಟು ಹೊತ್ತು ಇರಬಹುದು. ಹಿಡಿತದಲ್ಲಿದ್ದ ಹುಡುಗಿ ಬಿಡಿಸಿಕೊಳ್ಳಲಿಲ್ಲ, ಅದು ನನಗೆ ನೆನಪಿದೆ. ಮಗು ಕಣ್ಣು ಮುಚ್ಚಿತ್ತು. ಆಮೇಲೆ ನಡುವಿನ ಸಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು. "ಯಾಡಿಗೂ ಕುಣಿಯೋ ಹುಕಿ ಬಂತಲೇ!" ಎಂದು ಒಬ್ಬ ಕೂಗಿದ. ನಗೆಯೆದ್ದಿತು. ಅತಿಥಿಗಳು ಹೆಡ್‌ಮೇಷ್ಟ್ರ ಕಡೆ ಬಾಗಿ ಏನೋ ಕೇಳಿ ಅವರೂ ನಕ್ಕರು.

ನಾನು ಹೋದೆ. ಅವಳ ರಟ್ಟೆ ಹಿಡಿದೆ. ಎಳೆದೆ. "ನಡಿ ಕೆಳಗೆ. ಎಲ್ಲರ ಮುಂದೆ ಮಾನ ಕಳೀಬ್ಯಾಡ" ಎಂದೆ. ಮೆಲ್ಲಗೇ ಅಂದದ್ದು. ಆದರೆ ಇನ್ನೊಂದು ಕೈಯಲ್ಲಿ ಮೈಕ್ ಇತ್ತು. ಬೇವಿನ ಮರಕ್ಕೆ ಕಟ್ಟಿದ್ದ ಸ್ಪೀಕರಿನಲ್ಲಿ ನನ್ನ ಮಾತು ನನಗೇ ವಾಪಸು ಕೇಳಿಸಿತು. ಅದರ ಕೆಳಗೆ ಅವಳ ಮಗಳು ನಿಂತಿದ್ದಳು.

ಯಾಡಿ ಕೈ ಸಡಿಲಿಸಿದಳು. ಹುಡುಗಿಯ ತಲೆ ಸವರಿ, ಮೆಟ್ಟಿಲಿಳಿದು ಹೋದಳು. ಮಗಳು ಬಂದು ಅವ್ವನ ಕೈ ಹಿಡಿದು, ಯಾರ ಕಡೆಗೂ ನೋಡದೆ, ಗೇಟು ದಾಟಿಸಿಕೊಂಡು ಹೋದಳು. ತಾಂಡಾದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹಿಂದೆ ನಡೆದರು. ನಾವು ಹಾಡನ್ನು ಮೊದಲಿಂದ ಶುರುಮಾಡಿಸಿದೆವು. ಕೊನೆಗೆ ಉತ್ತಮ ನೃತ್ಯವೆಂದು ಶೀಲ್ಡು ನಮಗೇ ಬಂತು. ಅದನ್ನು ನಾನೇ ಹೋಗಿ ಇಸಕೊಂಡೆ, ಫೋಟೋ ಇದೆ.

ಮಾರನೆಯ ದಿನ ಉಡುಗೆಯನ್ನು ಪೇಪರಿನಲ್ಲಿ ಸುತ್ತಿ ಅಡುಗೆಮನೆಗೆ ಒಯ್ದೆ. ಕ್ಷಮಿಸು ಎನ್ನಬೇಕೆಂದೇ ಹೋದದ್ದು. ಅವಳು ಪೊಟ್ಟಣ ಬಿಚ್ಚಿ, ಲಂಗದ ಅಂಚಿನ ಗುಂಟ ಬೆರಳು ಓಡಿಸಿದಳು. ಒಂದು ಕಡೆ ಬೆರಳು ನಿಂತಿತು. ಬರೀ ನೂಲು. "ಬಿದ್ದಿರಬೇಕು, ಹುಡುಕಿ ಕೊಡ್ತೀನಿ" ಎಂದೆ. "ಹೂಂ ರೀ" ಎಂದಳು. ಅಷ್ಟೇ ಮಾತು. ಆ ವಾರವೇ ಕುರ್ಚಿಯ ಕೆಳಗೆ ಕವಡೆ ಸಿಕ್ಕಿತು. ಡಬ್ಬಿಯಲ್ಲಿ ಹಾಕಿಟ್ಟೆ. ಕೊಡಲು ಹೋದರೆ ಆ ದಿನದ ಮಾತು ಬರುತ್ತದಲ್ಲ ಎಂದು ಇವತ್ತು ನಾಳೆ ಎಂದೆ...

ಯಾಡಿ ಕೆಲಸ ಬಿಡಲಿಲ್ಲ. ಅದೇ ಹೊತ್ತಿಗೆ ಬಂದಳು, ಅದೇ ಸಾರು ಮಾಡಿದಳು. ಸ್ಟಾಫ್ ರೂಮಿನ ಬಾಗಿಲಿಗೆ ರೊಟ್ಟಿ ತರುವುದು ಮಾತ್ರ ನಿಂತಿತು. ಸೋಮವಾರದ ನೆಪ ಹೇಳುವ ಕೆಲಸ ನನಗೆ ಉಳಿಯಲಿಲ್ಲ.

ಮದುವೆಗೆ ಕರೆದಳು. ಎಲ್ಲ ಟೀಚರುಗಳ ಮನೆಗೂ ಬಂದು, ಅಕ್ಷತೆ ಕೊಟ್ಟು ಕರೆದಳು. ಹೆಡ್‌ಮೇಷ್ಟ್ರ ಜೊತೆ ನಾನೂ ತಾಂಡಾಕ್ಕೆ ಹೋದೆ. ಅದೇ ಮೊದಲು ನಾನು ರಸ್ತೆಯ ಆ ಕಡೆ ಹೋದದ್ದು. ಹುಡುಗಿ ರೇಷ್ಮೆ ಸೀರೆ ಉಟ್ಟಿತ್ತು. ಊಟಕ್ಕೆ ಏಳಿ ಎಂದರು. ನಾನು ಒಂದು ಬಾಳೆಹಣ್ಣು ಸಾಕೆಂದೆ. ಯಾಡಿ ಹಣ್ಣು ತಂದುಕೊಟ್ಟಳು, ಏನೂ ಕೇಳಲಿಲ್ಲ.

ಮಧ್ಯಾಹ್ನ ಗಂಡಿನ ಕಡೆಯ ಕ್ರೂಸರ್ ಬಂದು ಬಾಗಿಲಿಗೆ ನಿಂತಿತು. ಹೆಂಗಸರೆಲ್ಲ ಸುತ್ತುಗಟ್ಟಿದರು. ಎದುರಿಗೆ ಯಾಡಿ ನಿಂತಳು. ಎರಡೂ ಕೈ ಸ್ವಲ್ಪವೇ ಮುಂದೆ, ಯಾರೋ ಏನನ್ನೋ ಕೊಡುತ್ತಾರೆಂಬಂತೆ. ಅವತ್ತು ಆ ಲಂಗ ಉಟ್ಟಿದ್ದಳು. ಮುದುಕಿಯರು ಹುಡುಗಿಯ ಬೆನ್ನು ತಟ್ಟಿ ತಮ್ಮ ಮಾತಿನಲ್ಲಿ ಏನೋ ಹೇಳಿದರು. ಶುರುಮಾಡು, ಶುರುಮಾಡು ಎಂದಿರಬೇಕು. ಆ ಹಾಡನ್ನು ಮಗಳೇ ಎತ್ತಬೇಕು, ಅವ್ವ ಎತ್ತುವಂತಿಲ್ಲ. ಹುಡುಗಿ ತಲೆಯೆತ್ತಿತು. ಗುಂಪಿನ ಅಂಚಿನಲ್ಲಿ ಬಾಳೆಹಣ್ಣು ಹಿಡಿದು ನಿಂತಿದ್ದ ನನ್ನನ್ನು ಕಂಡಿತು. ನೀವು ಹೇಳಿದರೆ ಕೇಳುತ್ತಾಳೆ ಎಂದಿದ್ದಳಲ್ಲ ಯಾಡಿ. ಹೇಳಮ್ಮ ಎಂದು ಒಂದು ಮಾತು ನಾನು ಹೇಳಬಹುದಿತ್ತು. ತಲೆಯಾಡಿಸಿದ್ದರೂ ಸಾಕಿತ್ತು. ನಾನು ಹಣ್ಣಿನ ಸಿಪ್ಪೆ ನೋಡುತ್ತ ನಿಂತೆ.

"ಹೋಗಿ ಬರುತ್ತೇನೆ ಅವ್ವ" ಎಂದಿತು ಹುಡುಗಿ. ಅಚ್ಚುಕಟ್ಟಾದ ಕನ್ನಡದಲ್ಲಿ. ನಾನು ಕಲಿಸಿದ ಕನ್ನಡದಲ್ಲಿ.

ಕಾಲಿಗೆ ಬಿದ್ದು, ಎದ್ದು, ಗಾಡಿ ಹತ್ತಿತು. ಯಾಡಿಯ ಕೈ ಇನ್ನೂ ಹಾಗೇ ಇತ್ತು. ಗಾಡಿ ಹೊರಳಿ ರಸ್ತೆಗೆ ಹೋದ ಮೇಲೆ ಕೈಗಳನ್ನು ಕೆಳಗಿಳಿಸಿ, ಲಂಗದ ಅಂಚು ಹಿಡಿದುಕೊಂಡಳು.

ಎರಡು ವರ್ಷಕ್ಕೆ ನನಗೆ ವರ್ಗವಾಯಿತು. ಹೊರಡುವ ದಿನ ಅಡುಗೆಮನೆಗೆ ಹೋಗಿ, ಬರುತ್ತೇನೆಂದು ಯಾಡಿಗೆ ಹೇಳಿದೆ. "ಚೆಂದಾಗಿರ್ರಿ ಮೇಡಮ್ಮೋರೆ" ಎಂದಳು. ಕವಡೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು, ಕೊಡಲೆಂದೇ ಹಾಕಿಕೊಂಡು ಹೋಗಿದ್ದೆ. ಹಾಗೇ ವಾಪಸು ತಂದೆ.

ಆರು ವರ್ಷದ ಹಿಂದೆ ಹೊನ್ನಾಳಿಯಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂತವಳು, "ಮಿಸ್, ಚೆನ್ನಾಗಿದ್ದೀರಾ?" ಎಂದಳು. ಯಾಡಿಯ ಮಗಳು. ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿ ಕೂದಲು. ಅವ್ವ ಹೇಗಿದ್ದಾಳೆಂದು ಕೇಳಿದೆ.

"ಹೋದ್ಲು ಮಿಸ್. ಎರಡು ವರ್ಷ ಆತು." ಕಿಟಕಿಯ ಕಡೆ ನೋಡಿದಳು. "ನಮ್ಮಾಗೆ ಅವ್ವ ಹೋದಾಗ್ಲೂ ಮಗಳು ಹಂಗೇ ಹಾಡಿ ಅಳಬೇಕು. ನನಗೆ ಬರ್ಲಿಲ್ಲ. ಸುಮ್ನೆ ಅತ್ತೆ. ಮುದುಕೇರೆಲ್ಲ ನನ್ನ ಬಾಯಿ ನೋಡ್ತಿದ್ರು... ಅಕ್ಕಿ ಕ್ವಾಣ್ಯಾಗೆ ಕುಂದ್ರಿಸ್ಕಂಡು ಎಷ್ಟು ಸಲ ಹೇಳ್ಕೊಟ್ಟಿದ್ಲು ಅಕಿ. ಒಂದು ಸಾಲು ನೆನಪಾಗ್ಲಿಲ್ಲ. ಆ ಲಂಗನೇ ಹೊದಿಸಿ ಕಳಿಸಿದ್ವಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತೇನೋ. ಆ ಹಾಡು ನನ್ನಲ್ಲಿ ಇತ್ತು. ಹಾಜರಿ ಪುಸ್ತಕದ ಹಿಂದಿನಿಂದ ನೋಟ್‌ಬುಕ್ಕಿಗೆ ಇಳಿಸಿದ ಹದಿನಾಲ್ಕು ಸಾಲು. ಇಂದಿಗೂ ಬೀರುವಿನಲ್ಲಿದೆ. ಕದ್ದು ಕೇಳಿ ಬರೆದುಕೊಂಡ ನನ್ನ ಹತ್ತಿರ ಹಾಡು ಇದೆ, ಮಡಿಲಲ್ಲಿ ಕೂತು ಕಲಿಯಬೇಕಾದವಳ ಹತ್ತಿರ ಇಲ್ಲ. ಹೇಳೋಣವೆಂದು ಬಾಯಿ ತೆರೆದೆ. "ಊಟ ಆಯ್ತೇನಮ್ಮ?" ಎಂದೆ. "ಆತು ಮಿಸ್" ಎಂದು ನ್ಯಾಮತಿಯಲ್ಲಿ ಇಳಿದು, ಜನರ ನಡುವೆ ಹೋದಳು. ಫೋನ್ ನಂಬರನ್ನೂ ಕೇಳಲಿಲ್ಲ ನಾನು.

ಇವತ್ತು ಸಂಜೆ ಹೊಸ ಟೀಚರ್ ಹುಡುಗಿ ತಾನೇ ಫೋನು ಮಾಡಿದಳು. "ಮೇಡಂ, ಹಾಡು?"

"ನನ್ನ ಹತ್ರ ಇರೋದು ಕುಣಿಯೋ ಹಾಡಲ್ಲಮ್ಮ. ಅವತ್ತು ಕುಣಿಸಿದ್ದು ನನ್ನ ತಪ್ಪು. ಅದು ಮಗಳು ಅವ್ವನ ತಬ್ಕೊಂಡು ಅಳೋ ಹಾಡು."

"ಅಯ್ಯೋ, ಹಂಗಾದ್ರೆ ಬ್ಯಾಡ ಬಿಡ್ರಿ ಮೇಡಂ. ಸ್ಟೇಜಿಗೆ ಸೆಟ್ ಆಗಲ್ಲ. ಯೂಟ್ಯೂಬಿನಾಗೆ ಯಾವ್ದಾರ ನೋಡ್ತೀನಿ" ಎಂದಳು.

"ಯೂಟ್ಯೂಬು ಇರ್ಲಿ. ನಮ್ಮ ಶಾಲೇಲೇ ತಾಂಡಾದ ಮಕ್ಕಳು ಅದಾವಲ್ಲ, ಅವರ ಅವ್ವಂದಿರನ್ನ ಕೇಳು" ಎಂದೆ. ಹೂಂ ಎಂದಳು. ಕೇಳುತ್ತಾಳೋ ಇಲ್ಲವೋ. ನಾನೇ ಬರುತ್ತೇನೆ, ಜೊತೆಗೆ ಹೋಗಿ ಕೇಳೋಣ ಎನ್ನಬೇಕಿತ್ತು. ಅದು ಹೊಳೆದದ್ದು ಫೋನು ಇಟ್ಟ ಮೇಲೆ. ಮತ್ತೆ ಮಾಡಲಿಲ್ಲ. ನಾಳೆ ಶಾಲೆಯಲ್ಲಿ ಹೇಳಬೇಕು. ನನಗೆ ನನ್ನ 'ನಾಳೆ'ಗಳ ಪರಿಚಯವಿದೆ.

ಉದುರಿದ ಪ್ಲಾಸ್ಟಿಕ್ ಕನ್ನಡಿಗಳನ್ನೆಲ್ಲ ದಾರ ಹಾಕಿ ಕೂರಿಸಿದೆ. ಒಂದು ಜಾಗ ಖಾಲಿ ಉಳಿಯಿತು. ಕವಡೆ ಅಲ್ಲಿಗೆ ಸರಿಯಾಗಿ ಕೂರುತ್ತಿತ್ತು. ಇಟ್ಟು ನೋಡಿ ತೆಗೆದೆ. ಅದು ಸೇರಬೇಕಾದ ಅಂಚು ಬೂದಿಯಾಗಿ ಹೋಗಿದೆ.

ರಾತ್ರಿಯೂಟಕ್ಕೆ ಜೋಳದ ರೊಟ್ಟಿ, ಅವರೆಕಾಳಿನ ಪಲ್ಯ, ಹಸಿಮೆಣಸಿನ ಚಟ್ನಿ. ಮನೆಯವರು ಮೂರು ರೊಟ್ಟಿ ತಿಂದರು. ಅತ್ತೆ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದು, ವಿಭೂತಿ ಹಚ್ಚಿಕೊಂಡು ಎಲ್ಲರಿಗಿಂತ ಮೊದಲು ಮಲಗಿದರು. ಆಮೇಲೆ ಮನೆಯವರು. ಬಿಸಿ ರೊಟ್ಟಿಯೊಂದನ್ನು ತಟ್ಟೆಗೆ ಹಾಕಿಕೊಂಡು ಒಲೆಯ ಹತ್ತಿರ ಕೂತವಳಿಗೆ ನಾಳೆ ಸೋಮವಾರವೆಂದು ನೆನಪಾಯಿತು. ರೊಟ್ಟಿ ಆರುವವರೆಗೂ ಕೂತಿದ್ದೆ.